‘ಪಾರ್ಟ್ ಬಂದ್ ಆಗಿದೆ’ ಅಂದರೆ ಗಾಡಿ ಸತ್ತಿದೆ ಅಂತ ಅರ್ಥವೇನ್ರಿ?

ಮೊದಲೇ ಹೇಳಿಬಿಡುತ್ತೇನೆ, ನಾನು ವಿಂಟೇಜ್ ಕಾರಿನ ಹುಚ್ಚಿನವನಲ್ಲ. ಭಾನುವಾರ ಬಾನೆಟ್ಟಿಗೆ ಪಾಲಿಶ್ ತಿಕ್ಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಮಂದಿ ಬೇರೆ. ನನ್ನದು ದಿನಾ ಓಡುವ ಗಾಡಿ. ನನ್ನ ತಕರಾರೂ ಸಣ್ಣದೇ, ಸುಮಾರು ಒಂದು ಅಡಿ ಉದ್ದದ್ದು. ಹೌದ್ರಿ, ಎಂಜಿನ್ನಿನ ಮಗ್ಗುಲಲ್ಲಿ ಇರುವ ಒಂದು ರಬ್ಬರ್ ಹೋಸ್ ಪೈಪಿನ ಬಗ್ಗೆ ಇವತ್ತು ಜಗಳಕ್ಕೆ ನಿಂತಿದ್ದೇನೆ.

“ಪಾರ್ಟ್ ಬಂದ್ ಹೋ ಗಯಾ ಸಾಬ್, ಅಬ್ ಗಾಡಿ ನಿಕಾಲ್ ದೋ.” ಮುಂಬಯಿಯಲ್ಲಿ ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಂಡ ಯಾರನ್ನೇ ಕೇಳಿ, ಈ ಮಾತು ಕೇಳಿಯೇ ಇರುತ್ತಾರೆ. ಇದರಲ್ಲಿ ಮೊದಲರ್ಧ ಸುದ್ದಿ, ಎರಡನೇ ಅರ್ಧ ತೀರ್ಪು. ಸುದ್ದಿ ಕೊಡಲು ಕೌಂಟರಿನ ಹುಡುಗನಿಗೆ ಅಧಿಕಾರ ಇದೆ. ತೀರ್ಪು ಕೊಡಲು ಯಾರು ಕೊಟ್ಟರು?

ನನ್ನ ವಾದ ಇಷ್ಟೇ. ಒಂದು ಪಾರ್ಟು ಮಾಡುವುದನ್ನು ನಿಲ್ಲಿಸುವ ಹಕ್ಕು ಕಂಪನಿಗೆ ಇದೆ, ಒಪ್ಪಿದೆ. ಆದರೆ ತಾನೂ ಮಾಡುವುದಿಲ್ಲ, ಬೇರೆಯವರಿಗೆ ಮಾಡಲು ಬೇಕಾದ ಅಳತೆಯನ್ನೂ ಹೇಳುವುದಿಲ್ಲ ಅನ್ನುವ ಹಕ್ಕು ಅದಕ್ಕೆ ಇರಬಾರದು. ಮಾಡುವುದು ನಿಲ್ಲಿಸಿದ ದಿನವೇ ಅದರ ನಕ್ಷೆ, ಅದು ಯಾವ ರಬ್ಬರು, ಎಷ್ಟು ಒತ್ತಡ ತಡೆಯಬೇಕು ಅನ್ನುವುದು ಬಹಿರಂಗ ಆಗಬೇಕು. ಇದು ದಾನ ಧರ್ಮ ಅಲ್ಲ. ದುಡ್ಡು ಕೊಟ್ಟು ಗಾಡಿ ಕೊಂಡವನಿಗೆ ಬರಬೇಕಾದ ಬಾಕಿ.

ಈಗ ನನ್ನ ಗಾಡಿಯ ಕಥೆ. 1999ರ ಪೆಟ್ರೋಲ್ ಕಾರು. ಕಂಪನಿಯ ಹೆಸರು ಬೇಡ, ಹೆಸರು ಹೇಳಿದರೆ ಜಗಳ ಆ ಒಂದು ಕಂಪನಿಯದು ಅನ್ನಿಸಿಬಿಡುತ್ತದೆ. ಎಲ್ಲರ ಮನೆ ದೋಸೆಯೂ ತೂತೇ. 2005ರಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಸಿಎನ್‌ಜಿ ಕಿಟ್ ಹಾಕಿಸಿದೆ. ಆರ್‌ಟಿಓಗೆ ಒಯ್ದು ತೋರಿಸಿ, ಆರ್‌ಸಿಯಲ್ಲಿ ಬರೆಸಿ, ಎಲ್ಲ ಕ್ರಮಬದ್ಧ.

ಸಿಎನ್‌ಜಿಗೂ ನೀರಿನ ಪೈಪಿಗೂ ಏನು ಸಂಬಂಧ ಅನ್ನಬೇಡಿ, ಜಗಳ ಇರುವುದೇ ಅಲ್ಲಿ. ಸಿಲಿಂಡರಿನೊಳಗೆ ಗ್ಯಾಸು ಸುಮಾರು 200 ಬಾರ್ ಒತ್ತಡದಲ್ಲಿ ಇರುತ್ತದೆ. ಎಂಜಿನ್ನಿಗೆ ಬೇಕಾದದ್ದು ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡ. ಇದನ್ನು ಇಳಿಸಿ ಕೊಡುವ ಡಬ್ಬಿಗೆ ರೆಡ್ಯೂಸರ್ ಅನ್ನುತ್ತಾರೆ. ಒತ್ತಡ ಹಾಗೆ ಒಮ್ಮೆಲೇ ಇಳಿಯುವಾಗ ಗ್ಯಾಸು ವಿಪರೀತ ತಣ್ಣಗಾಗುತ್ತದೆ. ಬಿಸಿ ಕೊಡದೆ ಇದ್ದರೆ ರೆಡ್ಯೂಸರ್ ಹಿಮ ಹಿಡಿದು ಕೂರುತ್ತದೆ. ಅದಕ್ಕೇ ಎಂಜಿನ್ನಿನ ಬಿಸಿ ಕೂಲೆಂಟನ್ನು ಅದರ ಸುತ್ತ ಹಾಯಿಸುತ್ತಾರೆ. ಹೇಗೆ? ಎಂಜಿನ್ನಿನಿಂದ ಹೀಟರಿಗೆ ಹೋಗುವ ಪೈಪನ್ನು ಕತ್ತರಿಸಿ, ನಡುವೆ ‘ಟಿ’ ಆಕಾರದ ಜೋಡಣೆ ತುರುಕಿ, ಎರಡು ಕ್ಲಿಪ್ಪು ಬಿಗಿದು! ಕಂಪನಿ ಎರಡು ಬಾಗು ಕೊಟ್ಟು ಅಚ್ಚಿನಲ್ಲಿ ಎರೆದ ಪೈಪು. ಅದರ ಹೊಟ್ಟೆ ಸೀಳಿದವನು ಕಿಟ್ ಹಾಕುವವನು. ಯಾವ ಪೈಪು, ಎಲ್ಲಿ ಕತ್ತರಿಸಿದೆ, ಯಾವ ಜೋಡಣೆ ಹಾಕಿದೆ ಅಂತ ಅವನು ಒಂದು ಚೀಟಿಯನ್ನೂ ಬರೆದುಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಅಂಗಡಿಯೂ ಮುಚ್ಚಿತು.

2023ರ ಮೇ ತಿಂಗಳು, ಧಾರವಾಡಕ್ಕೆ ಹೊರಟಿದ್ದಾಗ, ಖಂಬಾಟಕಿ ಘಾಟಿಯಲ್ಲಿ ಆ ಪೈಪು ‘ಟಿ’ ಜೋಡಣೆಯ ಪಕ್ಕದಲ್ಲೇ ಸೀಳಿತು. ಇಲ್ಲೊಂದು ಮಾತು ನೆನಪಿಡಿ. ನೀರು ಪೂರಾ ಖಾಲಿಯಾದರೆ ಟೆಂಪರೇಚರ್ ಮುಳ್ಳು ಮೇಲೇರಲೇಬೇಕು ಅಂತ ಇಲ್ಲ. ಎಷ್ಟೋ ಗಾಡಿಗಳಲ್ಲಿ ಅದು ಕೆಳಗೆ ಬೀಳುತ್ತದೆ, ಯಾಕೆಂದರೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಬರಿ ಗಾಳಿಯಲ್ಲಿ ಇರುತ್ತದೆ. “ಅಬ್ಬಾ, ತಣ್ಣಗಾಯಿತು” ಅಂತ ಮುಂದೆ ಓಡಿಸಿದವನ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ ಹಾರಿ, ಪೈಪಿನ ಬೆಲೆಯ ನೂರು ಪಟ್ಟು ಬಿಲ್ಲು ಬರುತ್ತದೆ. ಕೂಲೆಂಟಿನ ಸಿಹಿ ವಾಸನೆ ಮೂಗಿಗೆ ಬಡಿದ ಕೂಡಲೇ ಬದಿಗೆ ನಿಲ್ಲಿಸಿದ್ದರಿಂದ ನನ್ನ ಹೆಡ್ಡು ಉಳಿಯಿತು.

ಮುಂಬಯಿಗೆ ಬಂದು ಪೈಪು ಹುಡುಕಲು ಶುರು. ಕುರ್ಲಾದ ಸಿಎಸ್‌ಟಿ ರೋಡು ಸುತ್ತಿದೆ, ಆಪೆರಾ ಹೌಸಿನ ಸಂದಿಗಳು ಸುತ್ತಿದೆ, ಪುಣೆಗೆ ಹೋದಾಗ ನಾನಾ ಪೇಟೆಯನ್ನೂ ಬಿಡಲಿಲ್ಲ. ಕಂಪನಿಯ ಅಧಿಕೃತ ಕೌಂಟರಿನಲ್ಲಿ ಕೇಳಿದೆ, “ಪಾರ್ಟು ಇಲ್ಲ, ಸರಿಯಪ್ಪಾ. ಒಳಗಿನ ವ್ಯಾಸ ಎಷ್ಟು, ಯಾವ ರಬ್ಬರು ಅಂತ ಆದರೂ ಹೇಳು.” ಅವನು ಪಾಪ, ಕಂಪ್ಯೂಟರ್ ಪರದೆಯನ್ನೇ ನನ್ನ ಕಡೆ ತಿರುಗಿಸಿದ. ಒಂದು ನಂಬರು, ಅದರ ಮುಂದೆ ‘ಡಿಸ್‌ಕಂಟಿನ್ಯೂಡ್’. ಅಷ್ಟೇ. ಕಂಪನಿಗೆ ಪತ್ರ ಬರೆದೆ. “ದಯವಿಟ್ಟು ಹತ್ತಿರದ ಡೀಲರನ್ನು ಸಂಪರ್ಕಿಸಿ” ಅಂತ ಉತ್ತರ ಬಂತು. ಆ ಡೀಲರಿನ ಕೌಂಟರಿನಿಂದಲೇ ತಾನೆ ಸ್ವಾಮಿ ನಾನು ಪತ್ರ ಬರೆದದ್ದು!

ಅದೇ ಕೌಂಟರಿನಲ್ಲಿ ಇನ್ನೊಂದು ಮಾತೂ ಬಂತು: “ನಿಮ್ಮ ಗಾಡಿ ಒರಿಜಿನಲ್ ಅಲ್ಲ, ಕಿಟ್ ಹಾಕಿಸಿದ್ದೀರಿ.” ಕಾಯಿದೆ ಏನು ಹೇಳುತ್ತದೆ ಅಂತ ನೋಡಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಆದರೆ ಅನುಮೋದಿತ ಕಿಟ್ ಹಾಕಿ ಇಂಧನ ಬದಲಿಸಲು ಅದೇ ಕಲಮು ದಾರಿ ಬಿಟ್ಟಿದೆ. ನಾನು ಆ ದಾರಿಯಲ್ಲೇ ಹೋದವನು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ಇಟ್ಟುಕೊಳ್ಳಬೇಕು, ಇಟ್ಟುಕೊಂಡಿದ್ದೇನೆ. ಅದೇ ಕಿಟ್ಟಿಗೆ ಬಿಸಿ ಒಯ್ಯುವ ಪೈಪು ಎಂಥದ್ದು ಅಂತ ಇಪ್ಪತ್ತು ವರ್ಷದಲ್ಲಿ ಒಬ್ಬನೂ ಕೇಳಿಲ್ಲ.

“ಒಂದು ಪೈಪಿಗೆ ಇಷ್ಟು ರಾಮಾಯಣವೇ? ಯಾವುದೋ ಒಂದು ಟ್ಯೂಬು ಸಿಕ್ಕಿಸಿದರಾಯಿತು” ಅನ್ನುತ್ತೀರಾ? ನನಗೆ ಕಂಪನಿಯಷ್ಟೇ ಸಿಟ್ಟು ಈ ಮಾತಿನ ಮೇಲೂ ಇದೆ. ಹೊರಗಿನಿಂದ ನೋಡಿದರೆ ಎಲ್ಲ ಹೋಸೂ ಕಪ್ಪು. ಒಳಗೆ ಒಂದೊಂದರ ಜಾತಿ ಬೇರೆ.

ಕೂಲೆಂಟಿನ ಪೈಪು ಸಾಧಾರಣವಾಗಿ ಇಪಿಡಿಎಂ ಅನ್ನುವ ರಬ್ಬರಿನದು, ಒಳಗೆ ನೂಲಿನ ಹೆಣಿಗೆ ಇರುತ್ತದೆ. ಬಿಸಿ ನೀರಿಗೆ, ಗ್ಲೈಕಾಲಿಗೆ ಅದು ಜಗ್ಗುವುದಿಲ್ಲ. ಆದರೆ ಪೆಟ್ರೋಲೋ ಆಯಿಲೋ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲು, ಆಯಿಲಿಗೆ ನೈಟ್ರೈಲ್ ರಬ್ಬರು ಸರಿ, ಅದನ್ನು ಕುದಿಯುವ ಕೂಲೆಂಟಿಗೆ ಹಾಕಿದರೆ ಬಾಳಿಕೆ ಇಲ್ಲ. ನೀಲಿ, ಕೆಂಪು ಬಣ್ಣದ ಚಂದದ ಸಿಲಿಕೋನ್ ಪೈಪು ಮಾಡಿಫೈ ಹುಡುಗರ ಪ್ರೀತಿಯದು. ಬಿಸಿ ತಡೆಯುತ್ತದೆ ನಿಜ, ಪೆಟ್ರೋಲಿಗೆ ಅದು ಸಲ್ಲದು. ಸಾದಾ ತೂತಿನ ಪಟ್ಟಿಯ ಸ್ಕ್ರೂ ಕ್ಲಿಪ್ಪು ಅದರ ಮೈಯನ್ನು ಕೊರೆಯುತ್ತದೆ ಬೇರೆ. ಇನ್ನು ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪು. ಅದರೊಳಗೆ ಒತ್ತಡ ಇರುವುದಿಲ್ಲ, ಹೀರುವಿಕೆ ಇರುತ್ತದೆ. ಅಲ್ಲಿ ತೆಳ್ಳಗಿನ ಟ್ಯೂಬು ಸಿಕ್ಕಿಸಿದರೆ ಅದು ಒಳಗೇ ಚಪ್ಪಟೆಯಾಗಿ, ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಕಾರ್ಬ್ಯುರೇಟರ್ ಗಾಡಿಯ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಅತಿ ಕಡಿಮೆ, ಇಂಜೆಕ್ಷನ್ ಗಾಡಿಯಲ್ಲಿ ಸುಮಾರು 3 ಬಾರ್. ಮೊದಲನೆಯದರ ಪೈಪನ್ನು ಎರಡನೆಯದಕ್ಕೆ ಹಾಕುವುದೂ ಒಂದೇ, ಬಾನೆಟ್ಟಿನ ಕೆಳಗೆ ಒಲೆ ಹಚ್ಚುವುದೂ ಒಂದೇ.

ಕೂಲೆಂಟಿನ ಒತ್ತಡವೂ ಸಣ್ಣದಲ್ಲ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಂತ ಬರೆದಿದ್ದರೆ, ಅಷ್ಟು ಬಾರ್ ಒತ್ತಡ ದಾಟುವ ತನಕ ಅದು ಬಾಯಿ ಬಿಡುವುದಿಲ್ಲ ಅಂತ ಅರ್ಥ. ಆ ಒತ್ತಡದಲ್ಲಿ ಬರಿ ನೀರೂ ಕುದಿಯುವುದು ಸುಮಾರು 118 ಡಿಗ್ರಿಗೆ. ತೋಟಕ್ಕೆ ನೀರು ಬಿಡುವ ಪೈಪನ್ನು ಅಲ್ಲಿ ಹಾಕಿ “ಚಲ್ ಜಾಯೇಗಾ” ಅನ್ನುವ ಮಿಸ್ತ್ರಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ಘಾಟಿ ಹತ್ತಿ ತೋರಿಸಲಿ.

ಹಾಗಾದರೆ ಮಿಸ್ತ್ರಿಯೇ ಖಳನಾಯಕನೇ? ಅರ್ಧ ಮಾತ್ರ. ಅವನು ಕಣ್ಣಳತೆಯಲ್ಲಿ ಕೆಲಸ ಮಾಡುವುದು ಯಾಕೆ? ಬರೆದ ಅಳತೆ ಅವನ ಕೈಗೆ ಯಾರೂ ಕೊಟ್ಟಿಲ್ಲ. ಕಂಪನಿಯವರು “ಹೊರಗಿನ ಪಾರ್ಟು ಹಾಕಬೇಡಿ, ಅಪಾಯ” ಅಂತ ಬೋರ್ಡು ಹಾಕುತ್ತಾರೆ. ಅಪಾಯ ಹೌದು, ಮಾಹಿತಿ ಬಚ್ಚಿಟ್ಟದ್ದರಿಂದ ಹುಟ್ಟಿದ ಅಪಾಯ. ಬಾವಿಗೆ ಬೀಗ ಹಾಕಿ, ಆಮೇಲೆ ಊರವರು ಹೊಂಡದ ನೀರು ಕುಡಿಯುತ್ತಾರೆ ಅಂತ ಬೈದರೆ ಹೇಗೆ?

ಒಂದು ವಿಚಿತ್ರ ನೋಡಿ. ಈ ಊರಿನ ಕಪ್ಪು ಹಳದಿ ಟ್ಯಾಕ್ಸಿ, ಪ್ರೀಮಿಯರ್ ಪದ್ಮಿನಿ, ಇಟಲಿಯ ಫಿಯಟ್ 1100ರ ಕೂಸು, ನಮ್ಮ ಕುರ್ಲಾದಲ್ಲೇ ಹುಟ್ಟಿದ್ದು. ಅದರ ತಯಾರಿಕೆ ನಿಂತದ್ದು 2000ದ ಆಸುಪಾಸಿನಲ್ಲಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿ ಆದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಿಂದ ಅದು ಟ್ಯಾಕ್ಸಿಯಾಗಿ ಓಡುವ ಹಾಗಿರಲಿಲ್ಲ, ಯಾಕೆಂದರೆ ಮುಂಬಯಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಅಂದರೆ ತಯಾರಿಕೆ ನಿಂತು ಇಪ್ಪತ್ತು ವರ್ಷ ಕಳೆದರೂ, ಅದೂ ಸಿಎನ್‌ಜಿ ಕಿಟ್ ಹೊತ್ತುಕೊಂಡು, ಆ ಗಾಡಿಗಳು ಹೊಟ್ಟೆಪಾಡು ನಡೆಸಿದವು. ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು ನಿಜ. ಆದರೂ ಅವನ್ನು ರಸ್ತೆಯಿಂದ ಇಳಿಸಿದ್ದು ವಯಸ್ಸಿನ ಕಾನೂನು, ಸಿಗದ ಹೋಸ್ ಪೈಪಲ್ಲ. ಕಾರಣ ಸರಳ. ಅದರ ಯಾವ ಮೂಲೆಗೆ ಯಾವ ಗಾತ್ರದ ಪೈಪು ಅನ್ನುವುದು ಟ್ಯಾಕ್ಸಿ ಮಿಸ್ತ್ರಿಗಳಿಗೆ ಬಾಯಿಪಾಠ. ಪದ್ಮಿನಿಯ ಗುಟ್ಟು ಊರಿಗೆಲ್ಲ ಗೊತ್ತಿತ್ತು. ನನ್ನ ಗಾಡಿಯ ಕಂಪನಿ ಇನ್ನೂ ಜೀವಂತ ಇದೆ, ವರ್ಷವರ್ಷ ಹೊಸ ಮಾಡೆಲ್ ಬಿಡುತ್ತದೆ, ಆದರೆ ಒಂದಡಿ ಪೈಪಿನ ವ್ಯಾಸ ಹೇಳಲು ಅದಕ್ಕೆ ಬಾಯಿಲ್ಲ!

ಕಾನೂನಿನವರು ಕಣ್ಣು ಮುಚ್ಚಿ ಕೂತಿದ್ದಾರೆಯೇ? ಪೂರ್ತಿ ಇಲ್ಲ. 2011ರಲ್ಲಿ ಶಂಶೇರ್ ಕಟಾರಿಯಾ ಅನ್ನುವವರು ಕಾಂಪಿಟಿಷನ್ ಕಮಿಷನ್ನಿಗೆ ಒಂದು ದೂರು ಕೊಟ್ಟರು. ಬಿಡಿಭಾಗಗಳನ್ನು, ದೋಷ ಪತ್ತೆ ಮಾಡುವ ಉಪಕರಣಗಳನ್ನು ಕಾರು ಕಂಪನಿಗಳು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆಯುತ್ತವೆ ಅಂತ. 2014ರ ಆಗಸ್ಟ್ 25ರಂದು ಕಮಿಷನ್ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು, ಬಿಡಿಭಾಗ ಮುಕ್ತವಾಗಿ ಸಿಗುವಂತೆ ಮಾಡಿ ಅಂತ ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹಿಡಿದು ಓಡಿದವು, ಅದು ಬೇರೆ ಕಥೆ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಅಂತ ಒಂದು ಸಮಿತಿ ಮಾಡಿತು. ಮೊಬೈಲು, ಮನೆಯ ಯಂತ್ರ, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಒಳ್ಳೆಯದೇ. ಆದರೆ ಗೋದಾಮಿನಲ್ಲಿ ಇರುವ ಪಾರ್ಟನ್ನು ಕೊಡು ಅನ್ನುವುದು ಒಂದು ಮಾತು. ಗೋದಾಮಿನಲ್ಲೇ ಇಲ್ಲದ ಪಾರ್ಟಿನ ಗತಿ ಏನು ಅನ್ನುವುದು ಇನ್ನೊಂದು. ಹಳೆ ಗಾಡಿಯವನಿಗೆ ಬೇಕಾಗಿರುವುದು ಈ ಎರಡನೆಯದರ ಉತ್ತರ.

ಇನ್ನು ಸರಕಾರದ ಇನ್ನೊಂದು ಕೈ ನೋಡಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಮಹಾರಾಷ್ಟ್ರದಲ್ಲಿ ಹಸಿರು ತೆರಿಗೆ ಬೇರೆ. ಕಟ್ಟುತ್ತೇವೆ, ಬಿಡಿ. ಆದರೆ ಓಡಿಸಲು ಅನುಮತಿ ಅಂತ ಹತ್ತು ಸಾವಿರ ಎಣಿಸಿಕೊಂಡ ಮೇಲೆ, ಸುರಕ್ಷಿತವಾಗಿ ಓಡಿಸಲು ಬೇಕಾದ ಮಾಹಿತಿ ಕೊಡಿಸುವುದು ಯಾರ ಕೆಲಸ?

ಪೆಟ್ರೋಲಿನ ಕಥೆಯೂ ಕೇಳಿ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಹಳೆಯ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬೇಗ ಬದಲಿಸಬೇಕಾಗಬಹುದು, ಅದು ಕಡಿಮೆ ಖರ್ಚಿನ ಕೆಲಸ, ಸರ್ವೀಸಿನಲ್ಲೇ ಆಗುತ್ತದೆ ಅಂತ ಪೆಟ್ರೋಲಿಯಂ ಸಚಿವಾಲಯವೇ ಆ ವರ್ಷ ಹೇಳಿತು. ಕಡಿಮೆ ಖರ್ಚು, ಒಪ್ಪಿದೆ. ಆದರೆ ‘ಬದಲಿಸಿ’ ಅನ್ನುವ ರಬ್ಬರ್ ಭಾಗದ ಮುಂದೆ ಕಂಪ್ಯೂಟರಿನಲ್ಲಿ ‘ಡಿಸ್‌ಕಂಟಿನ್ಯೂಡ್’ ಅಂತ ಇದ್ದರೆ? ಒಬ್ಬರು ಬದಲಿಸು ಅನ್ನುತ್ತಾರೆ, ಇನ್ನೊಬ್ಬರು ಇಲ್ಲ ಅನ್ನುತ್ತಾರೆ. ನಡುವೆ ಗಾಡಿಯವನು, ಅವನ ಬಗಲಲ್ಲಿ ಸೋರುವ ಪೆಟ್ರೋಲ್ ಪೈಪು. ನೀರಿನ ಪೈಪು ಒಡೆದರೆ ಎಂಜಿನ್ ಹೋಗುತ್ತದೆ. ಪೆಟ್ರೋಲಿನ ಪೈಪು ಒಡೆದರೆ ಮನುಷ್ಯ ಹೋಗುತ್ತಾನೆ.

ನನಗೆ ಎದುರು ಬರುವ ಮಾತುಗಳೂ ಗೊತ್ತು.

“ಮಾರಿ ಹೊಸದು ತಗೋ, ಎಷ್ಟು ದಿನ ಒದ್ದಾಡುತ್ತೀ?” ಅನ್ನುವವರು ಹೊಸ ಗಾಡಿಯ ತಿಂಗಳ ಕಂತು ತಾವೇ ಕಟ್ಟುತ್ತಾರೆಯೇ? ಮತ್ತೆ, ಇವತ್ತಿನ ಹೊಸದಕ್ಕೂ ಹದಿನೈದು ವರ್ಷ ಆಗುತ್ತದಲ್ರಿ. ಇವತ್ತು ನನ್ನ ಪೈಪು ನಿಂತಿತು, ನಾಳೆ ನಿಮ್ಮದು. ಹೊಸ ಗಾಡಿಗಳ ಬಾನೆಟ್ ಎತ್ತಿ ನೋಡಿ. ಎಲ್ಲ ಆಯಾ ಮಾಡೆಲ್ಲಿಗೇ ಬಾಗಿಸಿದ ಪೈಪು, ಒತ್ತಿದರೆ ಕೂರುವ ಪ್ಲಾಸ್ಟಿಕ್ ಜೋಡಣೆ. ನೇರ ಪೈಪು ಕತ್ತರಿಸಿ ಕ್ಲಿಪ್ಪು ಬಿಗಿಯುವ ದಾರಿಯೂ ಅಲ್ಲಿ ಇಲ್ಲ.

“ಹಳೆ ಗಾಡಿ ಹೊಗೆ ಉಗುಳುತ್ತದೆ” ಅನ್ನುವುದು ತೂಕದ ಮಾತು, ತಳ್ಳಿಹಾಕುವುದಿಲ್ಲ. ಅದಕ್ಕೆ ಹೊಗೆ ಪರೀಕ್ಷೆ ಇದೆ. ಪರೀಕ್ಷೆಯಲ್ಲಿ ಸೋತ ಗಾಡಿ ಗುಜರಿಗೆ ಹೋಗಲಿ. ಗೆದ್ದ ಗಾಡಿಯನ್ನು ಒಂದು ರಬ್ಬರ್ ತುಂಡು ಕೊಲ್ಲುವುದು ಯಾವ ನ್ಯಾಯ?

“ಹತ್ತಾರು ವರ್ಷ ಅಚ್ಚು ಇಟ್ಟುಕೊಂಡು ಕೂರಲು ಕಂಪನಿಗೆ ಕಟ್ಟೀತೇ?” ಅಂತಲೂ ಕೇಳುತ್ತಾರೆ. ಕಟ್ಟುವುದಿಲ್ಲ, ಒಪ್ಪಿದೆ. ಅದಕ್ಕೇ ಅಚ್ಚು ಇಟ್ಟುಕೊಳ್ಳಿ ಅಂತ ನಾನು ಕೇಳುತ್ತಲೇ ಇಲ್ಲ. ಒಂದು ಪುಟದ ನಕ್ಷೆ ವೆಬ್‌ಸೈಟಿಗೆ ಹಾಕಲು ಗೋದಾಮು ಬೇಡ. ಹೋಸಿನ ರಬ್ಬರಿಗೆ ಜಗತ್ತಿನಾದ್ಯಂತ ಒಪ್ಪಿದ ಮಾನದಂಡಗಳು ಇದ್ದೇ ಇವೆ, ಕೂಲೆಂಟಿಗೆ ಎಸ್‌ಎಇ ಜೆ20, ಪೆಟ್ರೋಲಿಗೆ ಎಸ್‌ಎಇ ಜೆ30. “ಒಳ ವ್ಯಾಸ ಇಷ್ಟು, ಉದ್ದ ಇಷ್ಟು, ಬಾಗು ಇಂತಲ್ಲಿ, ಮಾನದಂಡ ಇದು” ಅಂತ ಬರೆದರೆ ಮುಗಿಯಿತು. ಉಳಿದದ್ದನ್ನು ಸಣ್ಣ ರಬ್ಬರ್ ಕಾರ್ಖಾನೆಯವನು ನೋಡಿಕೊಳ್ಳುತ್ತಾನೆ, ನಾಲ್ಕು ಜನಕ್ಕೆ ಕೆಲಸವೂ ಆಗುತ್ತದೆ.

ಅಲ್ಲಿಯ ತನಕ ನಾವು ಮಾಡಬೇಕಾದದ್ದೂ ಇದೆ. ನನ್ನ ಪೈಪಿನ ವಿಷಯ ಹೇಗೆ ಬಗೆಹರಿಯಿತು ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಒಡೆದ ಪೈಪನ್ನು ಎಸೆಯಲಿಲ್ಲ. ಗಟ್ಟಿ ತಂತಿಯೊಂದನ್ನು ಅದರ ಬಾಗಿಗೆ ಸರಿಯಾಗಿ ಬಗ್ಗಿಸಿಕೊಂಡೆ. ಪೈಪು ಕೂರುವ ಲೋಹದ ಮೂತಿಯ ಹೊರ ವ್ಯಾಸವನ್ನು ವರ್ನಿಯರಿನಿಂದ ಅಳೆದೆ, 16 ಮಿಲಿಮೀಟರ್ ಬಂತು. ಹಳೆ ಪೈಪು ಉಬ್ಬಿರುತ್ತದೆ, ಅದರ ಬಾಯಿ ಅಳೆದರೆ ಮೋಸ. ಆ ತಂತಿ ಹಿಡಿದುಕೊಂಡು ಅಂಗಡಿಗೆ ಹೋದೆ, ಪಾರ್ಟ್ ನಂಬರ್ ಹೇಳಲೇ ಇಲ್ಲ. “ಇದೇ ಬಾಗಿನ, 16ರ ಕೂಲೆಂಟ್ ಪೈಪು ಯಾವ ಗಾಡಿಯದಾದರೂ ತೋರಿಸು” ಅಂದೆ. ಮೂರನೇ ಅಂಗಡಿಯಲ್ಲಿ, ಬೇರೊಂದು ಕಂಪನಿಯ ವ್ಯಾನಿನ ಉದ್ದ ಪೈಪಿನ ನಡುವೆ ನನ್ನ ಎರಡು ಬಾಗೂ ಸಿಕ್ಕವು. ಬೇಕಾದಷ್ಟು ಕತ್ತರಿಸಿಕೊಂಡೆ. ಬಿಸಿಗೆ ಬಿರುಕು ಬಿಟ್ಟಿದ್ದ ಪ್ಲಾಸ್ಟಿಕ್ ‘ಟಿ’ ತೆಗೆದು, ಲೇತಿನವನ ಹತ್ತಿರ ಹಿತ್ತಾಳೆಯದು ಮಾಡಿಸಿದೆ, ಪೈಪು ಜಾರದ ಹಾಗೆ ತುದಿಗೆ ಏಣು ಕೊಡಿಸಿ. ಆಮೇಲೆ ಇಷ್ಟನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟೆ. ಅದೇ ಪೈಪಿನಲ್ಲಿ ಖಂಬಾಟಕಿ ಎಷ್ಟೋ ಸಲ ಹತ್ತಿ ಇಳಿದಿದ್ದೇನೆ.

ಇನ್ನೊಂದು ಎಚ್ಚರಿಕೆ. ಗುಜರಿಯಲ್ಲಿ “ಒರಿಜಿನಲ್ ಮಾಲು, ಪ್ಯಾಕೆಟ್ ಒಡೆದಿಲ್ಲ” ಅಂತ ಇಪ್ಪತ್ತು ವರ್ಷದ ಹಿಂದಿನ ಪೈಪು ದುಪ್ಪಟ್ಟು ದರಕ್ಕೆ ಮಾರುತ್ತಾರೆ. ರಬ್ಬರು ಪ್ಯಾಕೆಟ್ಟಿನೊಳಗೆ ಕೂತೇ ಮುದಿಯಾಗುತ್ತದೆ. ಹೆಸರು ಒರಿಜಿನಲ್ ಆದರೂ ವಯಸ್ಸು ಇಪ್ಪತ್ತೇ. ಅದಕ್ಕಿಂತ ಹೋದ ವರ್ಷ ತಯಾರಾದ, ಅಳತೆ ಹೊಂದುವ ಬೇರೆ ಗಾಡಿಯ ಪೈಪು ಎಷ್ಟೋ ವಾಸಿ.

ನನ್ನ ಕೆಲಸ ಆಯಿತು, ಸರಿ. ನನಗೆ ವರ್ನಿಯರ್ ಹಿಡಿಯಲು ಬರುತ್ತದೆ, ಮೂರು ಶನಿವಾರ ಅಲೆಯಲು ಪುರಸೊತ್ತಿತ್ತು. ಬಾಡಿಗೆ ಗಾಡಿ ಓಡಿಸಿ ದಿನದ ದುಡಿಮೆಯಲ್ಲಿ ಮನೆ ನಡೆಸುವವನಿಗೆ ಆ ಮೂರು ಶನಿವಾರ ಎಲ್ಲಿಂದ ಬರಬೇಕು? ಅವನು ತೋಟದ ಪೈಪೇ ಹಾಕಿಸುತ್ತಾನೆ, ಇಲ್ಲವೇ ಗಾಡಿಯನ್ನು ಗುಜರಿಯ ಬೆಲೆಗೆ ಕೊಟ್ಟು ಸಾಲದ ಮೇಲೆ ಇನ್ನೊಂದು ತರುತ್ತಾನೆ. ಒಂದು ಪುಟದ ನಕ್ಷೆ ಇದ್ದಿದ್ದರೆ ಎರಡೂ ಬೇಕಿರಲಿಲ್ಲ. ಆದ್ದರಿಂದ ಆ ರಿಪೇರಿ ಹಕ್ಕಿನವರು ಇನ್ನೇನು ಮಾಡುತ್ತಾರೋ ಬಿಡುತ್ತಾರೋ, ಒಂದೇ ಒಂದು ಸಾಲು ಸೇರಿಸಲಿ: ಪಾರ್ಟು ನಿಲ್ಲಿಸುವವನು ಅದರ ನಕ್ಷೆ ಬಿಡುಗಡೆ ಮಾಡಿಯೇ ನಿಲ್ಲಿಸಬೇಕು. ಕಿಟ್ ಹಾಕುವವನು ತಾನು ಎಲ್ಲಿ, ಏನು ಕತ್ತರಿಸಿದೆ ಅಂತ ಬರೆದುಕೊಟ್ಟೇ ದುಡ್ಡು ಎಣಿಸಬೇಕು.

ನೀವೂ ನಾಳೆ ಬೆಳಿಗ್ಗೆ, ಎಂಜಿನ್ ತಣ್ಣಗೆ ಇರುವಾಗ, ಬಾನೆಟ್ ಎತ್ತಿ. ಪೈಪುಗಳನ್ನು ಕ್ಲಿಪ್ಪಿನ ಪಕ್ಕದಲ್ಲಿ ಎರಡು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ನಡುವೆ ಒತ್ತಿ ನೋಡಿ. ನಡುವೆ ಗಟ್ಟಿ ಇದ್ದು ತುದಿಯಲ್ಲಿ ಮೆತ್ತಗಿದ್ದರೆ ಒಳಗಿನಿಂದ ಸೀಳುತ್ತಾ ಬಂದಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಪಾರ್ಟು ಇನ್ನೂ ಸಿಗುತ್ತಿದ್ದರೆ ಈಗಲೇ ಬದಲಿಸಿ. ಹಳೆಯದನ್ನು ಮಾತ್ರ ಎಸೆಯಬೇಡಿ, ಅಳತೆ ಬರೆದು ಕಟ್ಟಿ ಇಡಿ. ಕಂಪನಿ ನಕ್ಷೆ ಕೊಡುವ ತನಕ ನಿಮ್ಮ ಹತ್ತಿರ ಇರುವ ನಕ್ಷೆ ಅದೊಂದೇ.